ಕೆಮ್ಮಲು ಬಾರದ ಜೀವ

ಆಮೆಗೆ ನೆಗಡಿಯಾಗುವುದುಂಟೇ ಎಂದು ಯಾರಾದರೂ ಕೇಳಿದರೆ ನಾವು ನಕ್ಕು ಸುಮ್ಮನಾಗುತ್ತೇವೆ. ಕಲ್ಲಿನಂಥ ಚಿಪ್ಪನ್ನು ಹೊತ್ತು, ಮಳೆ ಬಿಸಿಲೆನ್ನದೆ ಬದುಕುವ ಪ್ರಾಣಿಗೆ ಶೀತವೆಲ್ಲಿಯದು ಎಂಬುದು ನಮ್ಮ ಎಣಿಕೆ. ಮಂದರ ಪರ್ವತವನ್ನೇ ಬೆನ್ನ ಮೇಲೆ ತಾಳಿದ ಕೂರ್ಮನ ಕಥೆಯನ್ನು ಕೇಳಿ ಬೆಳೆದವರು ನಾವು. ಇಂದ್ರಿಯಗಳನ್ನು ಹಿಂದಕ್ಕೆಳೆದುಕೊಂಡ ಸ್ಥಿತಪ್ರಜ್ಞನಿಗೆ ಗೀತೆಯು ಆಮೆಯನ್ನೇ ಹೋಲಿಕೆಯಾಗಿ ತಂದಿದೆ. ಉತ್ತರ ಕರ್ನಾಟಕದ ಎಷ್ಟೋ ಗುಡಿಗಳಲ್ಲಿ ದೇವರ ಎದುರಿನ ನೆಲಗಲ್ಲಿನ ಮೇಲೆ ಆಮೆಯನ್ನು ಕಡೆದಿರುತ್ತಾರೆ. ದೃಢತೆಗೂ ಮೌನಕ್ಕೂ ಅದು ನಮ್ಮಲ್ಲಿ ಪ್ರತೀಕವಾಗಿದೆ. ಆದರೆ ಆ ದೃಢವಾದ ಚಿಪ್ಪಿನ ಒಳಗಿರುವ ಶ್ವಾಸಕೋಶ ಬಲು ನಾಜೂಕಿನದು. ಅದು ಕೆಟ್ಟಾಗ ಆಮೆಯ ಮೌನವೇ ಅದಕ್ಕೆ ಮುಳುವಾಗುತ್ತದೆ. ಈ ಮಾತನ್ನು ನಾನು ಮೊದಲು ಕಲಿತದ್ದು ಪುಸ್ತಕದಿಂದಲ್ಲ. ನಮ್ಮ ಮನೆಯ ಆಮೆಯೊಂದರ ಸಾವಿನಿಂದ, ಅದೂ ಬಹಳ ತಡವಾಗಿ.

ಬಳ್ಳಾರಿ ತಾಲೂಕಿನ ಮೋಕ ನನ್ನ ಊರು. ನಾವು ಹಗರಿ ಎಂದು ಕರೆಯುವ ವೇದಾವತಿಯ ದಂಡೆಯ ಊರು ಅದು. 1968ರ ಮುಂಗಾರಿನ ದಿನಗಳಲ್ಲಿ, ನನಗಾಗ ಎಂಟು ವರ್ಷ, ತಂದೆಯವರು ಹೊಲದ ಬದುವಿನಲ್ಲಿ ಸಿಕ್ಕ ಆಮೆಯೊಂದನ್ನು ಟವೆಲಿನಲ್ಲಿ ಸುತ್ತಿ ತಂದರು. ಕಪ್ಪು ಚಿಪ್ಪಿನ ಒಂದೊಂದು ಉಬ್ಬಿನಿಂದಲೂ ಹಳದಿಯ ಗೆರೆಗಳು ಕಿರಣಗಳಂತೆ ಹೊರಟಿದ್ದವು. ಅದು ನಕ್ಷತ್ರ ಆಮೆ. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ. ಅದಕ್ಕೆ ಮುಂಚೆ ಇಂಥ ಪ್ರಾಣಿಯನ್ನು ಮನೆಗೆ ತರುವುದು ತಪ್ಪೆಂದು ನಮ್ಮಲ್ಲಿ ಯಾರಿಗೂ ತೋರಿರಲಿಲ್ಲ. ಅಜ್ಜಿ ಅದಕ್ಕೆ ಬಚ್ಚಲಿನ ಮೂಲೆಯಲ್ಲಿ ಜಾಗ ಮಾಡಿಕೊಟ್ಟಳು. ಆಮೆಯೆಂದ ಮೇಲೆ ನೀರಿನ ಪ್ರಾಣಿಯಲ್ಲವೇ?

ಇಲ್ಲಿ ನಮ್ಮ ಭಾಷೆಯೂ ನಮ್ಮನ್ನು ಕೊಂಚ ದಾರಿ ತಪ್ಪಿಸಿತೆಂದು ಈಗ ನನಗೆ ಅನಿಸುತ್ತದೆ. ಬಾವಿಯೊಳಗೆ ಬಿಡುವ ಮೆತ್ತನೆಯ ಚಿಪ್ಪಿನದೂ ಆಮೆ, ಕುರುಚಲು ಕಾಡಿನ ಒಣನೆಲದಲ್ಲಿ ಹುಲ್ಲು ಮೇಯುವುದೂ ಆಮೆ. ನಮ್ಮ ನೆರೆಯ ತೆಲುಗರ ತಾಬೇಲಿಗೂ ಇದೇ ಗತಿ. ಎರಡಕ್ಕೂ ಒಂದೇ ಹೆಸರಿಟ್ಟ ನಾವು ಎರಡನ್ನೂ ಒಂದೇ ರೀತಿ ಸಾಕಹೊರಟೆವು. ನಕ್ಷತ್ರ ಆಮೆಗೆ ಈಜಲು ಬಾರದು. ಕುಡಿಯಲು ಮತ್ತು ಆಗಾಗ ಮೈ ನೆನೆಸಿಕೊಳ್ಳಲು ಮಾತ್ರ ಅದಕ್ಕೆ ನೀರು ಬೇಕು. ಹಗಲಿರುಳೂ ತೇವವಾಗಿದ್ದ ಕಡಪ ಕಲ್ಲಿನ ಮೇಲೆ ಅದು ಮಳೆಗಾಲವನ್ನು ಹೇಗೋ ಕಳೆಯಿತು. ಚಳಿಗಾಲ ಬಂದಾಗ ಅದರ ಮೂಗಿನ ಹೊಳ್ಳೆಗಳಲ್ಲಿ ಸಣ್ಣ ಗುಳ್ಳೆಗಳು ಮೂಡಿ ಒಡೆಯತೊಡಗಿದವು. ನಾವು ಮಕ್ಕಳು ಅದನ್ನು ಆಟವೆಂದುಕೊಂಡೆವು. ಆಮೆ ಗುಳ್ಳೆ ಊದುತ್ತದೆಂದು ಓಣಿಯ ಹುಡುಗರನ್ನೆಲ್ಲ ಕರೆದು ತೋರಿಸಿದೆವು. ಕೆಲವು ದಿನಗಳ ಮೇಲೆ ಅದು ಕತ್ತನ್ನು ಮುಂದಕ್ಕೆ ಚಾಚಿ ಬಾಯಿ ತೆರೆಯತೊಡಗಿತು. ಹಸಿದಿದೆ ಎಂದುಕೊಂಡು ನಾನು ರೊಟ್ಟಿಯ ಚೂರನ್ನು ಆ ಬಾಯಿಗೆ ಇಟ್ಟೆ. ಒಂದು ಬೆಳಿಗ್ಗೆ ಅದು ಚಾಚಿದ ಕತ್ತನ್ನು ಹಾಗೆಯೇ ನೆಲಕ್ಕೆ ಊರಿ ಸತ್ತಿತ್ತು.

ಆ ಗುಳ್ಳೆಗಳ ಅರ್ಥ ತಿಳಿಯಬೇಕಾದರೆ ಆಮೆ ಉಸಿರಾಡುವ ಬಗೆಯನ್ನು ತಿಳಿಯಬೇಕು. ನಮಗೆ ಎದೆಗೂಡು ಹಿಗ್ಗುತ್ತದೆ, ಕುಗ್ಗುತ್ತದೆ. ಎದೆಗೂ ಹೊಟ್ಟೆಗೂ ನಡುವೆ ವಪೆ ಎಂಬ ಸ್ನಾಯುವಿನ ಪೊರೆಯಿದ್ದು ಗಾಳಿಯನ್ನು ಎಳೆಯುತ್ತದೆ, ದೂಡುತ್ತದೆ. ಆಮೆಯ ಪಕ್ಕೆಲುಬುಗಳು ಚಿಪ್ಪಿನೊಡನೆ ಬೆಸೆದುಹೋಗಿವೆ. ಅದರ ಎದೆ ಹಿಗ್ಗಲಾರದು. ನಮ್ಮಂಥ ವಪೆಯೂ ಅದಕ್ಕಿಲ್ಲ. ಬೆನ್ನಿನ ಚಿಪ್ಪಿನ ಒಳಮೈಗೆ ಅಂಟಿಕೊಂಡಂತೆ ಎರಡು ದೊಡ್ಡ ಶ್ವಾಸಕೋಶಗಳಿವೆ. ಅವುಗಳ ಕೆಳಗೆ ಕರುಳು, ಯಕೃತ್ತು ಮೊದಲಾದವು ಕುಳಿತಿವೆ. ಹೊಟ್ಟೆಯ ಸ್ನಾಯುಗಳೂ ಕಾಲುಗಳ ಬುಡದ ಸ್ನಾಯುಗಳೂ ಅಲುಗಿದಂತೆ ಒಳಗಿನ ಜಾಗ ಹಿರಿದೂ ಕಿರಿದೂ ಆಗಿ ಗಾಳಿ ಬಂದುಹೋಗುತ್ತದೆ. ಸುಮ್ಮನೆ ಕುಳಿತ ಆಮೆಯ ಮುಂಗಾಲುಗಳ ಬುಡ ಮೆಲ್ಲನೆ ಮಿಡಿಯುವುದನ್ನು ನೀವು ಕಂಡಿದ್ದರೆ ಅದೇ ಅದರ ಉಸಿರು.

ಈ ಏರ್ಪಾಡಿನಲ್ಲಿ ಒಂದು ಕೊರತೆಯುಂಟು. ನಮ್ಮ ಎದೆಯಲ್ಲಿ ಕಫ ಕಟ್ಟಿದರೆ ಎದೆ ಹೊಟ್ಟೆಗಳ ಸ್ನಾಯುಗಳು ಥಟ್ಟನೆ ಬಿಗಿದು ಗಾಳಿಯನ್ನು ರಭಸದಿಂದ ಹೊರದೂಡುತ್ತವೆ. ಅದನ್ನು ಕೆಮ್ಮು ಎನ್ನುತ್ತೇವೆ. ಕೆಮ್ಮು ನಮಗೆ ತೊಂದರೆಯೆಂದು ತೋರಿದರೂ ನಿಜವಾಗಿ ಅದು ನಮ್ಮ ಕಾವಲುಗಾರ. ಆಮೆಗೆ ಹಾಗೆ ಕೆಮ್ಮಲು ಬಾರದು. ಶ್ವಾಸಕೋಶದ ಅನೇಕ ಗೂಡುಗಳಲ್ಲಿ ಸೇರಿಕೊಂಡ ಲೋಳೆ ಅಲ್ಲಿಯೇ ಉಳಿಯುತ್ತದೆ, ಗಟ್ಟಿಯಾಗುತ್ತದೆ, ರೋಗಾಣುಗಳಿಗೆ ನೆಲೆಯಾಗುತ್ತದೆ. ಮೂಗಿನಲ್ಲಿ ಶುರುವಾದ ಬೇನೆ ಶ್ವಾಸಕೋಶಕ್ಕಿಳಿದರೆ ನ್ಯೂಮೋನಿಯಾ ಆಗುತ್ತದೆ. ಮನೆಯಲ್ಲಿ ಮಗು ಕೆಮ್ಮಿದರೆ ತಾಯಿಗೆ ನಡುರಾತ್ರಿಯಲ್ಲೂ ಎಚ್ಚರವಾಗುತ್ತದೆ. ಆಮೆ ವಾರಗಟ್ಟಲೆ ನರಳಿದರೂ ಮನೆಯವರ ನಿದ್ದೆ ಕೆಡದು.

ಎರಡನೆಯ ಸಂಗತಿ ಶಾಖದ್ದು. ಆಮೆ ಶೀತರಕ್ತದ ಪ್ರಾಣಿ. ಮೈಯ ಬಿಸಿಯನ್ನು ಒಳಗೇ ಹುಟ್ಟಿಸಿಕೊಳ್ಳುವ ಶಕ್ತಿ ಅದಕ್ಕಿಲ್ಲ. ಬಿಸಿಲಿನಿಂದ, ಕಾದ ನೆಲದಿಂದ ಅದನ್ನು ಪಡೆಯಬೇಕು. ಜೀರ್ಣಶಕ್ತಿಯಷ್ಟೇ ಅಲ್ಲ, ರೋಗವನ್ನು ಎದುರಿಸುವ ಶಕ್ತಿಯೂ ಈ ಶಾಖವನ್ನೇ ನೆಚ್ಚಿಕೊಂಡಿದೆ. ನಕ್ಷತ್ರ ಆಮೆಗೆ ಹಗಲಿನಲ್ಲಿ 28ರಿಂದ 32 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಹಿತವಾದುದು. ಬಳ್ಳಾರಿ ಎಂದೊಡನೆ ಎಲ್ಲರೂ 40 ದಾಟುವ ಬೇಸಿಗೆಯನ್ನೇ ನೆನೆಯುತ್ತಾರೆ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ನಮ್ಮ ಬಯಲಿನಲ್ಲಿಯೂ ಶಾಖ 15–17 ಡಿಗ್ರಿಗೆ ಇಳಿಯುತ್ತದೆ. ಕಾಡಿನ ಆಮೆ ಒಣಹುಲ್ಲಿನ ಬುಡದಲ್ಲಿಯೋ ಪೊದೆಯ ತಳದಲ್ಲಿಯೋ ನುಸುಳಿಕೊಂಡು ಬೆಳಿಗ್ಗೆ ಬಿಸಿಲಿಗೆ ಬರುತ್ತದೆ. ಮನೆಯ ಆಮೆಗೆ ಕಲ್ಲುಹಾಸಿನ ಮೇಲೆ ನುಸುಳಲು ಎಡೆಯಿಲ್ಲ, ಗೋಡೆಯೊಳಗೆ ಬಿಸಿಲಿಲ್ಲ. ತಣುಪು, ತೇವ ಎರಡೂ ಕೂಡಿದಾಗ ಬೇನೆಗೆ ಬಾಗಿಲು ತೆರೆದಂತೆ.

ಸಾಹಿತ್ಯದ ಒಡನಾಟವಿರುವವರಿಗೆ ಇಲ್ಲಿ ಇಂಗ್ಲೆಂಡಿನ ಒಂದು ಆಮೆ ನೆನಪಾದೀತು. ಸೆಲ್‌ಬೋರ್ನ್ ಎಂಬ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ 1780ರಲ್ಲಿ ತನ್ನ ಸೋದರತ್ತೆಯ ಮನೆಯಿಂದ ಟಿಮೊಥಿ ಎಂಬ ಆಮೆಯನ್ನು ತಂದು ಸಾಕಿದ. 1789ರ ತನ್ನ ಪ್ರಸಿದ್ಧ ಗ್ರಂಥದಲ್ಲಿ ಅದರ ನಡವಳಿಕೆಯನ್ನು ಬಣ್ಣಿಸಿದ. ಅದು ಹೆಣ್ಣೆಂಬುದು ಗೊತ್ತಾದದ್ದು ಆಮೇಲೆ. ಟಿಮೊಥಿ ಚಳಿಗಾಲ ಬರುತ್ತಲೇ ಮಣ್ಣಿನಲ್ಲಿ ಹೂತುಕೊಂಡು ತಿಂಗಳುಗಟ್ಟಲೆ ನಿದ್ದೆ ಮಾಡುತ್ತಿತ್ತು. ಇದನ್ನು ಓದಿ ನಮ್ಮ ಆಮೆಯೂ ಚಳಿಯಲ್ಲಿ ನಿದ್ದೆ ಹೋಗುತ್ತದೆ, ಹೋಗಲಿ ಎಂದು ಬಿಟ್ಟರೆ ಅನರ್ಥವಾಗುತ್ತದೆ. ಟಿಮೊಥಿ ಮೆಡಿಟರೇನಿಯನ್ ಕಡಲ ಸುತ್ತಿನ ಜಾತಿಯದು. ಅದರ ಮೈ ಆ ನಿದ್ದೆಗೆ ಒಗ್ಗಿದೆ. ನಕ್ಷತ್ರ ಆಮೆಗೆ ಆ ದೀರ್ಘನಿದ್ದೆ ಇಲ್ಲ. ಚಳಿಯಲ್ಲಿ ಅದು ಕೊಂಚ ಮಂದವಾಗುವುದುಂಟು. ಆದರೆ ದಿನವೆಲ್ಲ ಕಣ್ಣುಮುಚ್ಚಿ, ಮೇವು ಬಿಟ್ಟು ಬಿದ್ದಿದ್ದರೆ ಅದನ್ನು ರೋಗವೆಂದೇ ತಿಳಿಯಬೇಕು.

ಇನ್ನು ಲಕ್ಷಣಗಳು. ಆರೋಗ್ಯವಾಗಿರುವ ಆಮೆಯ ಮೂಗು ಒಣಗಿ ಚೊಕ್ಕವಾಗಿರುತ್ತದೆ, ಕಣ್ಣು ತೆರೆದು ಹೊಳೆಯುತ್ತದೆ. ಬೇನೆಯ ಮೊದಲ ಗುರುತು ಮೂಗಿನ ತೇವ, ಗುಳ್ಳೆ, ಲೋಳೆ. ಆಮೇಲೆ ಕಣ್ಣಿನ ರೆಪ್ಪೆ ಬಾತುಕೊಳ್ಳಬಹುದು, ಉಸಿರಿನಲ್ಲಿ ಸಿಳ್ಳಿನಂಥ ಅಥವಾ ಚಿಟಿಕೆಯಂಥ ಸಣ್ಣ ಸದ್ದು ಕೇಳಬಹುದು, ಮೇವು ನಿಲ್ಲುತ್ತದೆ. ಕಡೆಗೆ ಅದು ಕತ್ತನ್ನು ಚಾಚಿ, ತಲೆಯೆತ್ತಿ, ಬಾಯಿ ತೆರೆದು ಉಸಿರೆಳೆಯುತ್ತದೆ. ಪಂಚತಂತ್ರದ ಆಮೆ ಹಂಸಗಳೊಡನೆ ಹಾರುವಾಗ ಮಾತನಾಡಲೆಂದು ಬಾಯಿ ತೆರೆದು ಸತ್ತಿತು. ಮನೆಯ ಆಮೆ ಬಾಯಿ ತೆರೆಯುವುದು ಬಹುಮಟ್ಟಿಗೆ ಬದುಕುವ ಕಡೆಯ ಯತ್ನವಾಗಿ. ಆ ಹೊತ್ತಿನಲ್ಲಿ ಅದರ ಬಾಯಿಗೆ ರೊಟ್ಟಿಯಿಟ್ಟವನು ನಾನು. ನೀರಿನ ಆಮೆಯಲ್ಲಿ ಇನ್ನೊಂದು ಗುರುತುಂಟು: ಒಂದು ಶ್ವಾಸಕೋಶ ಕೆಟ್ಟಾಗ ಅದು ನೀರಿನಲ್ಲಿ ಸಮನಾಗಿ ತೇಲದೆ ಒಂದು ಪಕ್ಕಕ್ಕೆ ವಾಲುತ್ತದೆ.

ಹಾಗೆಂದು ಪ್ರತಿಯೊಂದಕ್ಕೂ ಗಾಬರಿಯಾಗಬೇಕಿಲ್ಲ. ಆಮೆ ನೀರು ಕುಡಿಯುವಾಗ ಮೂಗನ್ನೂ ಮುಳುಗಿಸುತ್ತದೆ. ಕುಡಿದೆದ್ದ ಮೇಲೆ ಒಂದೆರಡು ಗುಳ್ಳೆ ಬಂದರೆ ಅದು ರೋಗವಲ್ಲ. ಮುಟ್ಟಿದೊಡನೆ ತಲೆಯನ್ನು ಒಳಕ್ಕೆಳೆದು ಬುಸ್ಸೆಂದರೆ ಅದೂ ರೋಗವಲ್ಲ. ಒಳಗೆ ಜಾಗ ಮಾಡಿಕೊಳ್ಳಲು ಶ್ವಾಸಕೋಶದ ಗಾಳಿಯನ್ನು ಬಿಡುವ ಸದ್ದು. ನೀರಿನ ಬಳಿ ಸುಳಿಯದೆಯೂ ಗುಳ್ಳೆ ಬರುತ್ತಿದ್ದರೆ, ಮರುದಿನವೂ ಬಂದರೆ, ಆಗ ತಡಮಾಡಬಾರದು. ಇವೆಲ್ಲಕ್ಕಿಂತ ಮೊದಲೇ ಸುಳಿವು ಕೊಡುವುದು ತಕ್ಕಡಿ. ವಾರಕ್ಕೊಮ್ಮೆ ತೂಗಿ ಬರೆದಿಟ್ಟರೆ, ಕಣ್ಣಿಗೆ ಏನೂ ಕಾಣದ ದಿನಗಳಲ್ಲಿಯೇ ಇಳಿಯುವ ತೂಕ ಎಚ್ಚರಿಸುತ್ತದೆ.

ನಾನು ಇಷ್ಟನ್ನು ತಿಳಿದುಕೊಂಡದ್ದು ನಿವೃತ್ತಿಯ ಹತ್ತಿರದ ವರ್ಷಗಳಲ್ಲಿ, ಸುಮ್ಮನೆ ಕುತೂಹಲಕ್ಕೆ. ತಿಳಿದದ್ದು ಉಪಯೋಗಕ್ಕೆ ಬಂದದ್ದು ಕಳೆದ ಚಳಿಗಾಲದಲ್ಲಿ. ನೆರೆಮನೆಯ ಹುಡುಗನೊಬ್ಬ ಒಂದು ಸಂಜೆ ಬಂದು, "ತಾತಾ, ನಮ್ ಆಮೆ ಮೂಗಿನಾಗ ಗುಳ್ಳೆ ಬಿಡಕತ್ತೈತೆ, ಬಾ ನೋಡು" ಎಂದು ಕೈಹಿಡಿದು ಎಳೆದ. ಅವನ ಮುಖದಲ್ಲಿ ನಗುವಿತ್ತು. ಅದೇ ನನ್ನ ಎಂಟನೆಯ ವರ್ಷದ ನಗು. ಹಿತ್ತಲಿನ ಸಿಮೆಂಟು ತೊಟ್ಟಿಯ ತಳದಲ್ಲಿ, ಒದ್ದೆ ಗೋಣಿಯ ಮೇಲೆ, ಹಳದಿ ಗೆರೆಗಳ ಅದೇ ಚಿಪ್ಪು ಕುಳಿತಿತ್ತು.

"ಡಾಕ್ಟರ ಬಳಿ ಹೋಗೋಣ" ಎಂದೆ. ಹುಡುಗನ ಅಜ್ಜಿ ನನ್ನನ್ನು ಬದಿಗೆ ಕರೆದು, "ಬ್ಯಾಡ್ರಿ ಸಾರ್, ಅರಣ್ಯದೋರಿಗೆ ಗೊತ್ತಾದ್ರೆ ಕೇಸಾಗ್ತೈತಂತೆ" ಎಂದರು. ಆಕೆಯ ಭಯಕ್ಕೆ ಕಾರಣವಿಲ್ಲದಿರಲಿಲ್ಲ. ನಕ್ಷತ್ರ ಆಮೆಯನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಇಟ್ಟುಕೊಳ್ಳುವುದೂ ನಮ್ಮ ದೇಶದಲ್ಲಿ ಅಪರಾಧ. ಅಂದಕ್ಕಾಗಿ, ಅದೃಷ್ಟ ತರುತ್ತದೆಂಬ ನಂಬಿಕೆಗಾಗಿ ಇವುಗಳನ್ನು ಕದ್ದು ಸಾಗಿಸುವ ವ್ಯಾಪಾರ ಎಷ್ಟು ಬೆಳೆದಿದೆಯೆಂದರೆ, 2019ರಲ್ಲಿ ಅಂತರರಾಷ್ಟ್ರೀಯ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಗೆ ಈ ಜಾತಿಯನ್ನು ಸೇರಿಸಲಾಯಿತು. ಅದಕ್ಕೆ ಒಂದು ವರ್ಷ ಮುಂಚೆ, 2018ರಲ್ಲಿ, ಹೀಗೆ ಸಿಂಗಪುರ ಸೇರಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಕರ್ನಾಟಕಕ್ಕೆ ಮರಳಿ ತಂದರು. ಕಾಯ್ದೆ ಸರಿಯಾದುದೇ. ಆದರೆ ಅದರ ಭಯದಿಂದ ಜನ ರೋಗಿಯನ್ನು ಬಚ್ಚಿಡುತ್ತಾರೆ. ಮೊದಲೇ ಮೂಕವಾದ ಪ್ರಾಣಿಯ ಮೇಲೆ ಸಾಕಿದವರೂ ಮೌನ ಹೊರಿಸಿದರೆ ಅದಕ್ಕೆ ಉಳಿವೆಲ್ಲಿ? ನಾನೂ ಜೊತೆಗೆ ಬರುತ್ತೇನೆ, ಮಾತು ನಾನೇ ಆಡುತ್ತೇನೆ ಎಂದ ಮೇಲೆ ಆಕೆ ಒಪ್ಪಿದರು.

ಆ ರಾತ್ರಿ ನಾವು ಮಾಡಿದ್ದು ಬಲು ಕಡಮೆ. ತೊಟ್ಟಿಯಿಂದೆತ್ತಿ ಒಣಗಿದ ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕಾಗದ ಹಾಸಿ ಬಿಟ್ಟೆವು. ಕೋಳಿಮರಿಗಳಿಗೆ ಕಾವು ಕೊಡಲು ಬಳಸುವ ಬಲ್ಬನ್ನು ಪೆಟ್ಟಿಗೆಯ ಒಂದು ತುದಿಗೆ, ಚಿಪ್ಪು ಸುಡದಷ್ಟು ಎತ್ತರದಲ್ಲಿ ತೂಗುಹಾಕಿದೆವು. ಇಂದಿನ ಎಲ್‌ಇಡಿ ದೀಪ ಬೆಳಕನ್ನಷ್ಟೇ ಕೊಡುತ್ತದೆ, ಕಾವು ಕೊಡದು. ಇನ್ನೊಂದು ತುದಿಯನ್ನು ತಂಪಾಗಿಯೇ ಬಿಟ್ಟೆವು, ಬೇಕಾದ ಕಡೆಗೆ ಅದೇ ಸರಿಯಲೆಂದು. ರೋಗ ಬಂದ ಆಮೆಗೆ ರಾತ್ರಿಯಲ್ಲಿಯೂ ಶಾಖ 26–27 ಡಿಗ್ರಿಗಿಂತ ಇಳಿಯಬಾರದು. ಬೆಳಿಗ್ಗೆ ಉಗುರುಬೆಚ್ಚಗಿನ ನೀರನ್ನು ಅಗಲ ತಟ್ಟೆಯಲ್ಲಿ, ಅದರ ಗದ್ದಕ್ಕಿಂತ ಕೆಳಗೇ ನಿಲ್ಲುವಷ್ಟು ಹಾಕಿ ಸ್ವಲ್ಪ ಹೊತ್ತು ಇರಿಸಿದೆವು. ಅದು ನೀರು ಕುಡಿಯಿತು. ಒಳಗಿನ ಲೋಳೆ ಒಣಗಿ ಗಟ್ಟಿಯಾಗದಿರಲು ಮೈಯಲ್ಲಿ ನೀರಿರಬೇಕು. ಬಲವಂತದ ಮೇವು ಬೇಡವೆಂದು ಹುಡುಗನಿಗೆ ಹೇಳಿದೆ. ಇವು ಯಾವುವೂ ಚಿಕಿತ್ಸೆಯಲ್ಲ. ವೈದ್ಯರನ್ನು ಮುಟ್ಟುವವರೆಗಿನ ಆಸರೆ ಮಾತ್ರ.

ಬಳ್ಳಾರಿಯಲ್ಲಿ ಪಶುವೈದ್ಯರು ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶಗಳು ಬೆನ್ನಿಗೆ ಅಂಟಿಕೊಂಡಿರುವುದರಿಂದ ಮೇಲಿನಿಂದ ತೆಗೆದ ಒಂದೇ ಚಿತ್ರ ಸಾಲದು; ಪಕ್ಕದಿಂದಲೂ ಎದುರಿನಿಂದಲೂ ನೋಡಿದರೆ ಎಡಬಲದ ವ್ಯತ್ಯಾಸ ತಿಳಿಯುತ್ತದೆ. ಬೇನೆ ಎಡಗಡೆಯಲ್ಲಿ ಶ್ವಾಸಕೋಶಕ್ಕೆ ಇಳಿಯತೊಡಗಿತ್ತು. ಔಷಧಿಯನ್ನು ಮುಂಗಾಲಿಗೆ ಚುಚ್ಚಿದರು. ಆಮೆಯ ಹಿಂಭಾಗದ ರಕ್ತ ಮೂತ್ರಪಿಂಡದ ಮೂಲಕ ಹಾದುಹೋಗುವುದರಿಂದ ಅಲ್ಲಿ ಚುಚ್ಚಿದ ಔಷಧಿ ಪೂರ್ತಿ ಕೆಲಸ ಮಾಡುವ ಮೊದಲೇ ಹೊರಹೋಗಬಹುದೆಂಬ ಎಚ್ಚರಿಕೆಯಿಂದ ಹೀಗೆ ಮಾಡುತ್ತಾರೆ. ಔಷಧಿಯ ಹೆಸರನ್ನೂ ಪ್ರಮಾಣವನ್ನೂ ನಾನು ಬೇಕೆಂದೇ ಹೇಳುತ್ತಿಲ್ಲ. ರೋಗಾಣು ಯಾವುದು, ಆಮೆಯ ತೂಕವೆಷ್ಟು, ಮೈಯ ಶಾಖವೆಷ್ಟು ಎಂಬುದನ್ನು ನೋಡಿ ವೈದ್ಯರು ಅದನ್ನು ಗೊತ್ತುಮಾಡಬೇಕು. ಆಮೆಯ ಮೈಯಲ್ಲಿ ಎಲ್ಲವೂ ನಿಧಾನ, ವಾಸಿಯಾಗುವುದೂ ನಿಧಾನ; ಚಿಕಿತ್ಸೆ ವಾರಗಟ್ಟಲೆ ನಡೆಯುತ್ತದೆ. ಗುಳ್ಳೆ ನಿಂತಿತೆಂದು ನಾಲ್ಕು ದಿನಕ್ಕೆ ಮದ್ದು ಬಿಟ್ಟರೆ ಬೇನೆ ಮೊದಲಿಗಿಂತ ಹಟಮಾರಿಯಾಗಿ ಮರಳುತ್ತದೆ.

ಮಾಡಬಾರದವುಗಳನ್ನು ಹೇಳದಿದ್ದರೆ ಈ ಮಾತು ಅಪೂರ್ಣವಾದೀತು. ಮೂಗಿಗೆ ಎಣ್ಣೆ ಬಿಡಬಾರದು, ಬಾಯಿಗೆ ಕಷಾಯ ಸುರಿಯಬಾರದು. ಅದು ನೇರ ಶ್ವಾಸನಾಳಕ್ಕೆ ಹೋಗಬಹುದು, ಕೆಮ್ಮಿ ಹೊರಹಾಕಲು ಅದಕ್ಕೆ ಬಾರದು. ಕರ್ಪೂರ ಸೇರಿದ ಮುಲಾಮು, ಮನುಷ್ಯರ ಮಾತ್ರೆ ಯಾವುದೂ ಬೇಡ. ಮುಖ್ಯವಾದ ಒಂದು ಮಾತು ನಮ್ಮ ಕುರಿಸಾಕಣೆಯ ಸೀಮೆಯವರಿಗೆ: ಕುರಿಗಳ ಹುಳುಬಾಧೆಗೆ, ಉಣ್ಣೆಗೆ ಕೊಡುವ ಐವರ್‌ಮೆಕ್ಟಿನ್ ಎಂಬ ಔಷಧಿ ಬಹುತೇಕ ಪ್ರತಿ ಹಟ್ಟಿಯಲ್ಲಿಯೂ ಇರುತ್ತದೆ. ಕುರಿಗೆ ಅಮೃತವಾದ ಅದು ಆಮೆಗೆ ವಿಷ. ಅದರಿಂದ ಆಮೆಯ ಕೈಕಾಲು ಸೋತು, ಉಸಿರೇ ನಿಂತುಹೋಗಬಲ್ಲುದು.

ಎಲ್ಲಕ್ಕಿಂತ ಸುಲಭವೆಂದು ತೋರುವ ತಪ್ಪು ಇನ್ನೊಂದುಂಟು. ಹುಡುಗನ ಮನೆಯವರಲ್ಲಿ ಒಬ್ಬರು, ಇಷ್ಟೆಲ್ಲ ಏಕೆ, ಸಂಡೂರಿನ ಗುಡ್ಡದ ಕಡೆ ಬಿಟ್ಟುಬಂದರಾಯಿತು ಎಂದರು. ಕೇಳಲು ಕರುಣೆಯ ಮಾತಿನಂತಿದೆ. ದರೋಜಿಯ ಕರಡಿಧಾಮದಂಥ ನಮ್ಮ ಕುರುಚಲು ಕಾಡುಗಳಲ್ಲಿ ನಕ್ಷತ್ರ ಆಮೆ ಇಂದಿಗೂ ಇದೆ. ಅಪಾಯವಿರುವುದೇ ಅಲ್ಲಿ. ಅಮೆರಿಕದ ಮೊಹಾವಿ ಮರುಭೂಮಿಯಲ್ಲಿ 1980ರ ದಶಕದ ಕೊನೆಯಲ್ಲಿ ಕಾಡು ಆಮೆಗಳು ಮೂಗು ಸೋರಿ, ಸೊರಗಿ ಸಾಯತೊಡಗಿದವು. ಮೈಕೋಪ್ಲಾಸ್ಮ ಎಂಬ ಅತಿಸಣ್ಣ ರೋಗಾಣು ಆ ಬೇನೆಗೆ ಕಾರಣವೆಂದು ಆಮೇಲಿನ ವರ್ಷಗಳಲ್ಲಿ ಗೊತ್ತಾಯಿತು. ಜನ ಮನೆಯಲ್ಲಿ ಸಾಕಿ ಬೇಸತ್ತು ಬಿಟ್ಟ ಆಮೆಗಳಿಂದ ಅದು ಹಬ್ಬಿರಬೇಕೆಂದು ವಿಜ್ಞಾನಿಗಳು ಶಂಕಿಸಿದರು. 1990ರಲ್ಲಿ ಆ ಆಮೆಯನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಹೊರಗಿನಿಂದ ವಾಸಿಯಾದಂತೆ ಕಾಣುವ ಆಮೆಯೂ ರೋಗಾಣುವನ್ನು ಮೂಗಿನಲ್ಲಿ ಉಳಿಸಿಕೊಂಡಿರಬಲ್ಲುದು. ಒಂದನ್ನು ಬಿಡುಗಡೆ ಮಾಡಿದೆವೆಂದು ನಾವು ಹಿಗ್ಗುವಾಗ ಇಡೀ ಗುಡ್ಡಕ್ಕೆ ಬೇನೆ ಹಂಚಿರುತ್ತೇವೆ.

ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಸಾಕುವ ಕೆಂಪುಕಿವಿಯ ಆಮೆಗೂ ಈ ಮಾತು ಸಲ್ಲುತ್ತದೆ. ಅದು ಉತ್ತರ ಅಮೆರಿಕದ್ದು. ಬೇಸತ್ತು ಕೆರೆ ಕಾಲುವೆಗಳಿಗೆ ಬಿಟ್ಟರೆ ನಮ್ಮ ಆಮೆಗಳ ಮೇವನ್ನೂ ನೆಲೆಯನ್ನೂ ಕಸಿದುಕೊಳ್ಳುತ್ತದೆ. ಸಾಕುವವರು ತೊಟ್ಟಿಯ ನೀರನ್ನು ಬೆಚ್ಚಗೆ, ಚೊಕ್ಕವಾಗಿ ಇರಿಸಬೇಕು. ಮೇಲೇರಿ ಮೈ ಒಣಗಿಸಿಕೊಳ್ಳಲು ಒಂದು ಕಲ್ಲಿರಬೇಕು. ಬರಿಯ ಒಣಸೀಗಡಿಯನ್ನೇ ಹಾಕಿದರೆ ಎ ಜೀವಸತ್ವದ ಕೊರತೆಯಾಗಿ ಕಣ್ಣು ಬಾತು, ಮೂಗು ಗಂಟಲುಗಳ ಒಳಪೊರೆ ಕೆಟ್ಟು ಬೇನೆಗೆ ಎಡೆಯಾಗುತ್ತದೆ. ಆಮೆಯನ್ನು ಮುಟ್ಟಿದ ಮೇಲೆ ಸೋಪಿನಿಂದ ಕೈತೊಳೆಯುವುದನ್ನು ಮಕ್ಕಳಿಗೆ ಕಲಿಸಬೇಕು. ಆಮೆಗಳಿಂದ ಮಕ್ಕಳಿಗೆ ಸಾಲ್ಮೊನೆಲ್ಲ ಎಂಬ ಕರುಳುಬೇನೆ ತಗಲುತ್ತಿದ್ದುದರಿಂದಲೇ 1975ರಲ್ಲಿ ಅಮೆರಿಕವು ಸಣ್ಣ ಆಮೆಗಳ ಮಾರಾಟವನ್ನು ನಿಷೇಧಿಸಿತು.

ಮೋಕದ ಆಮೆಯ ಮಾತಿಗೆ ಮರಳುತ್ತೇನೆ. ವೈದ್ಯರ ಬಳಿಯಿಂದ ನಾವು ನೇರವಾಗಿ ಅರಣ್ಯ ಇಲಾಖೆಯ ಕಚೇರಿಗೆ ಹೋದೆವು. ಅಜ್ಜಿ ಹೊರಗೆ ಬೇವಿನ ಕೆಳಗೆ ಕುಳಿತರು. ನಾನೂ ಹುಡುಗನೂ ಒಳಗೆ ಹೋದೆವು. ಆಮೆ ಎಲ್ಲಿ ಸಿಕ್ಕಿತು, ಎಷ್ಟು ದಿನ ಮನೆಯಲ್ಲಿತ್ತು, ಏನು ತಿನ್ನುತ್ತಿತ್ತು ಎಂದು ಅಲ್ಲಿದ್ದವರು ಕೇಳಿ ಬರೆದುಕೊಂಡರು. ಹುಡುಗ ಎಲ್ಲಕ್ಕೂ ತಾನೇ ಉತ್ತರ ಹೇಳಿದ. ಎಂದಿನಿಂದ ಗುಳ್ಳೆ ಬರುತ್ತಿದೆ ಎಂದು ಕೇಳಿದಾಗ ಸ್ವಲ್ಪ ತಡೆದು, "ಎಂಟು ದಿನ ಆತು. ನಾನು ಆಟ ಆಡಕತ್ತೈತೆ ಅಂದ್ಕೊಂಡಿದ್ದೆ" ಎಂದ. ವೈದ್ಯರ ಚೀಟಿಯೊಡನೆ ಪೆಟ್ಟಿಗೆಯನ್ನು ಒಪ್ಪಿಸಿದೆವು. ಚಿಕಿತ್ಸೆ ಮುಂದುವರಿಯಿತೆಂದೂ ಆರು ವಾರಗಳ ಮೇಲೆ ಅದು ಗರಿಕೆ ಮೇಯತೊಡಗಿತೆಂದೂ ಆಮೇಲೆ ತಿಳಿಯಿತು. ಹುಡುಗನಿಗೆ ಆ ಸುದ್ದಿ ಹೇಳಿದೆ. ಅವನು ಕೇಳಿದ್ದು ಒಂದೇ: "ಮೂಗು ಒಣಗೈತೇನು?"

ಒಣಗಿದೆ ಎಂದೆ. ಐವತ್ತೇಳು ವರ್ಷಗಳ ಹಿಂದೆ ನಮ್ಮ ಬಚ್ಚಲಿನ ಮೂಲೆಯಲ್ಲಿ ಯಾರಾದರೂ ಕೇಳಬೇಕಾಗಿದ್ದ ಪ್ರಶ್ನೆ ಅದು.